ಎರಡು ತಿಳಿಹಳದಿ: ಕಣ್ಣಿಗೆ ಯಾವುದು ಹಿತ, ಮನೆಗೆ ಯಾವುದು ಕ್ಷೇಮ?

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆ ಹೊಗೆಸೊಪ್ಪಿನ ಮಾರಾಟ ಮುಗಿದು, ಕೃಷ್ಣರಾಜನಗರದ ಬಯಲಿನಲ್ಲಿ ಭತ್ತದ ಒಕ್ಕಣೆಯಾದ ಮೇಲೆ, ಯುಗಾದಿಗೆ ಮುನ್ನ ಅನೇಕರು ಮನೆಗೆ ಬಣ್ಣ ಬಳಿಸುತ್ತಾರೆ. ಆಗ ಎದುರಾಗುವ ಗೊಂದಲವೊಂದುಂಟು: ನಿಂಬೆಯ ಛಾಯೆಯ ತಿಳಿಹಳದಿಯೋ, ಬೆಣ್ಣೆಯ ಛಾಯೆಯ ತಿಳಿಹಳದಿಯೋ? ದೇಹವನ್ನೇ ದೇಗುಲವೆಂದು ಕಂಡ ಶರಣರ ಮಾರ್ಗದಲ್ಲಿ ನಡೆಯುವ ಸದ್ಭಕ್ತರು ಈ ಆಯ್ಕೆಯನ್ನು ಆರೋಗ್ಯದ ದೃಷ್ಟಿಯಿಂದಲೂ ನೋಡುವುದು ಉಚಿತ.

ಅಂಗಡಿಯ ಶೇಡ್ ಕಾರ್ಡ್ ನೋಡಿ ನಿರ್ಧರಿಸಬಾರದು. ಎರಡೂ ಬಣ್ಣಗಳನ್ನು ಆ ಕೋಣೆಯ ಗೋಡೆಯ ಮೇಲೆಯೇ ಎರಡೆರಡು ಅಡಿ ಅಗಲ ಬಳಿಸಿ, ಪೂರ್ಣ ಒಣಗಿದ ಬಳಿಕ ಬೆಳಿಗ್ಗೆ, ಮಧ್ಯಾಹ್ನ ಹಾಗೂ ರಾತ್ರಿ ದೀಪದ ಬೆಳಕಿನಲ್ಲಿ ನೋಡಬೇಕು. ನೇರ ಬಿಸಿಲು ಬಾರದ ಒಳಕೋಣೆಯಲ್ಲಿ ನಿಂಬೆಯ ಛಾಯೆ ಹಸುರು ಬೆರೆತಂತೆ ತೋರುತ್ತದೆ. ಅಲ್ಲಿ ಬೆಣ್ಣೆಯ ಛಾಯೆ ಹಿತ. ಸಂಜೆಯ ಬಿಸಿಲು ಬೀಳುವ ಪಶ್ಚಿಮದ ಕೋಣೆಗೆ ನಿಂಬೆಯದೇ ಒಪ್ಪುತ್ತದೆ. ನಾಲ್ಕು ಗೋಡೆಗಳ ಹಳದಿ ಪರಸ್ಪರ ಪ್ರತಿಫಲಿಸಿ ದಟ್ಟವಾಗುವುದರಿಂದ, ಸಂದೇಹ ಉಳಿದರೆ ಹೆಚ್ಚು ತಿಳಿಯಾದುದನ್ನು ಆರಿಸುವುದು ಲೇಸು.

ವಯಸ್ಸಾದಂತೆ ಕಣ್ಣಿನ ಮಸೂರವೇ ಹಳದಿಗೂಡುತ್ತದೆ. ಪೊರೆ ಬಂದ ಹಿರಿಯರಿಗೆ ಬಿಳುಪಿಗೂ ತಿಳಿಹಳದಿಗೂ ಇರುವ ಭೇದ ತಿಳಿಯುವುದು ಕಷ್ಟ. ಅವರಿಗೆ ಬೇಕಾದುದು ಗೋಡೆಯಿಂದ ಬೇರೆಯಾಗಿ ಕಾಣುವ ಬಾಗಿಲ ಚೌಕಟ್ಟು, ಹೊಸ್ತಿಲು, ಮೆಟ್ಟಿಲಿನ ಅಂಚು. ಇವುಗಳಿಗೆ ಗಾಢ ಬಣ್ಣ ಬಳಿಸಿದರೆ ಎಡವಿ ಬೀಳುವ ಭಯ ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಡಬ್ಬಿಯೊಳಗೆ ಏನಿದೆ ಎಂಬುದು. ಹಿಂದೆ ಬಾಗಿಲು, ಕಿಟಕಿಗಳಿಗೆ ಬಳಿಯುತ್ತಿದ್ದ ಹಳದಿ ಎನಾಮಲ್ ಬಣ್ಣಕ್ಕೆ ಸೀಸದ ಕ್ರೋಮೇಟ್ ಬೆರೆಸುವುದಿತ್ತು. ಸೀಸವು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇಷ್ಟಾದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಂದ್ರ ಸರ್ಕಾರವು 2016ರಲ್ಲಿ ನಿಯಮ ರೂಪಿಸಿ, ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು 2017ರ ನವೆಂಬರ್ 1ರಿಂದ ಜಾರಿಗೊಳಿಸಿದೆ. ಡಬ್ಬಿಯ ಮೇಲೆ ಇದರ ಉಲ್ಲೇಖವಿರುವುದನ್ನು ಓದಿಯೇ ಕೊಳ್ಳಬೇಕು.

ಆದರೆ ಹೊಸ ಡಬ್ಬಿಗಿಂತ ಹಳೆಯ ಬಾಗಿಲಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಹಳೆಯ ಎನಾಮಲ್ ಬಣ್ಣವನ್ನು ಒಣಗಿರುವಾಗ ಉಜ್ಜಬಾರದು, ಸುಟ್ಟು ತೆಗೆಯಲೂಬಾರದು. ನೀರು ಹಚ್ಚಿ ಉಜ್ಜಿಸಿ, ಉದುರಿದ ಪುಡಿಯನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ನೆಲದ ಮೇಲೆ ಅಂಬೆಗಾಲಿಡುವ ಕೂಸು ಆ ಧೂಳು ಹತ್ತಿದ ಕೈಯನ್ನೇ ಬಾಯಿಗಿಡುತ್ತದೆ. ಕೆಲಸ ಮುಗಿದು ಮನೆ ಶುಚಿಯಾಗುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆಡೆ ಇರಿಸುವುದು ಕ್ಷೇಮ. ಹೊಸ ಬಣ್ಣದ ವಾಸನೆ ಹೋಗುವ ತನಕ ಕಿಟಕಿಗಳನ್ನು ತೆರೆದಿಡಬೇಕು.

ಇಷ್ಟನ್ನು ಪಾಲಿಸಿದ ಬಳಿಕ ನಿಂಬೆಯೋ ಬೆಣ್ಣೆಯೋ ಎಂಬುದು ಮನೆಯವರ ಇಚ್ಛೆ.