ಕಾವಲುಗಾರನ ಕಣ್ಣು, ಊರಿನ ಕಣ್ಣು

ಪ್ರಶ್ನೆ: ನಾನು ಪಿಯುಸಿ ಓದುತ್ತಿದ್ದೇನೆ. ರಜೆಯಲ್ಲಿ ಅಣ್ಣನ ಕಂಪ್ಯೂಟರಿನಲ್ಲಿ ‘ಅಸ್ಯಾಸಿನ್ಸ್ ಕ್ರೀಡ್’ ಆಡುತ್ತೇನೆ. ಅದರ ನಾಯಕ ಗೋಪುರದ ತುದಿಯಿಂದ ಹುಲ್ಲಿನ ಗಾಡಿಗೆ ಹಾರುತ್ತಾನೆ, ಕಾವಲುಗಾರರ ಬೆನ್ನ ಹಿಂದೆಯೇ ಹಾದುಹೋಗುತ್ತಾನೆ, ಜನರ ನಡುವೆ ಸೇರಿ ಮಾಯವಾಗುತ್ತಾನೆ. ನಿಜಕ್ಕೂ ಹೀಗೆ ಮರೆಯಲ್ಲಿ ಓಡಾಡಿದವರು ಇತಿಹಾಸದಲ್ಲಿ ಇದ್ದರೇ? ನಮ್ಮ ಕಡೆ ಯಾರಾದರೂ?
ಓದುಗ, ಹೊನ್ನಾಳಿ

ಉತ್ತರ: ಹುಲ್ಲಿನಿಂದಲೇ ಶುರು ಮಾಡೋಣ, ಭತ್ತದ ಸೀಮೆಯವರಾದ ನಿಮಗೆ ಅದು ಹೊಸದಲ್ಲ. 30 ಮೀಟರ್ ಎತ್ತರದಿಂದ ಬಿದ್ದವನ ವೇಗ ಕೆಳಗೆ ಬರುವ ಹೊತ್ತಿಗೆ ಗಂಟೆಗೆ ಸುಮಾರು 87 ಕಿಲೋಮೀಟರ್ ಆಗಿರುತ್ತದೆ. ಗಾಡಿಯಲ್ಲಿರುವ ಹುಲ್ಲು ಒಂದೂವರೆ ಮೀಟರ್ ಎಂದುಕೊಳ್ಳಿ. ಅಷ್ಟರೊಳಗೆ ದೇಹ ನಿಲ್ಲಬೇಕಾದರೆ ಅದರ ತೂಕದ ಇಪ್ಪತ್ತು ಪಟ್ಟಿಗೂ ಹೆಚ್ಚಿನ ಬಲ ಬೀಳುತ್ತದೆ. ಆಟದ ನಾಯಕ ಮೈ ಕೊಡವಿಕೊಂಡು ಏಳುತ್ತಾನೆ. ನಿಮ್ಮ ಕಣದ ಬಣವೆ ಎಷ್ಟೇ ಮೆತ್ತಗಿದ್ದರೂ ಆ ಪ್ರಯೋಗ ಬೇಡ.

ಇನ್ನು ಕಾವಲುಗಾರ. ಅವನ ಮುಖದ ಮುಂದೆ ಬಿಚ್ಚಿದ ಬೀಸಣಿಗೆಯ ಆಕಾರದ ಒಂದು ಜಾಗವನ್ನು ಕಂಪ್ಯೂಟರ್ ಲೆಕ್ಕ ಹಾಕಿಟ್ಟಿರುತ್ತದೆ. ಅದರೊಳಗೆ ಕಾಲಿಟ್ಟರೆ ಅನುಮಾನ, ಹತ್ತಿರ ಹೋದಷ್ಟೂ ಬೇಗ ಪತ್ತೆ. ಹೊರಗೆ ಉಳಿದರೆ ನೀವು ಅವನ ಪಾಲಿಗೆ ಇಲ್ಲವೇ ಇಲ್ಲ. ಹುಡುಕಿ ಸಿಗದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲ ಮರೆತು ಹಳೆಯ ದಾರಿಯಲ್ಲೇ ತಿರುಗಲು ಹೊರಡುತ್ತಾನೆ. ಇಷ್ಟು ಮರೆವು ಕೊಡದಿದ್ದರೆ ಆಟವನ್ನು ಯಾರಿಂದಲೂ ಮುಗಿಸಲು ಆಗುತ್ತಿರಲಿಲ್ಲ.

ನಿಜವಾದ ಕಾವಲುಗಾರ ಮೋಸ ಹೋಗುವುದು ಬೇರೆ ರೀತಿ. ಅವನಿಗೂ ಹಸಿವಾಗುತ್ತದೆ. ಚಿತ್ರದುರ್ಗದ ಓಬವ್ವನ ಕಥೆ ನಿಮಗೆ ಗೊತ್ತೇ ಇದೆ. ಕಾವಲಿಗಿದ್ದ ಕಹಳೆಯವನು, ಅವಳ ಗಂಡ, ಊಟಕ್ಕೆ ಮನೆಗೆ ಬಂದ ಹೊತ್ತಿನಲ್ಲಿ ಹೈದರಾಲಿಯ ಸೈನಿಕರು ಕೋಟೆಯ ಕಿಂಡಿಯಲ್ಲಿ ನುಸುಳತೊಡಗಿದರು ಎನ್ನುತ್ತಾರೆ. ಅವರ ಲೆಕ್ಕ ಕಾವಲುಗಾರನ ಮಟ್ಟಿಗೆ ಸರಿಯಾಗಿಯೇ ಇತ್ತು. ತಪ್ಪಿದ್ದು ಎಲ್ಲಿ? ಗಂಡನಿಗೆ ನೀರು ತರಲು ಬಂದ ಹೆಂಗಸಿಗೂ ಕಣ್ಣಿದೆ ಎಂಬುದನ್ನು ಅವರು ಎಣಿಸಿರಲಿಲ್ಲ. ಅವಳ ಕೈಗೆ ಒನಕೆ ಬಂತು. ಕೋಟೆ 1779ರಲ್ಲಿ ಹೈದರನ ವಶವಾದರೂ ಆ ಕಿಂಡಿಗೆ ಇಂದಿಗೂ ಅವಳದೇ ಹೆಸರು.

ಆಟಕ್ಕೂ ಇತಿಹಾಸಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಕಲ್ಲು, ಕಟ್ಟಡ, ಬೀದಿಗಳ ವಿಷಯದಲ್ಲಿ ಈ ಸರಣಿಯವರು ಬಹಳ ಶ್ರಮ ಪಡುತ್ತಾರೆ. ಫ್ರೆಂಚ್ ಕ್ರಾಂತಿಯ ಪ್ಯಾರಿಸ್ಸನ್ನು ತೋರಿಸುವ 2014ರ ‘ಯೂನಿಟಿ’ಯಲ್ಲಿ ನೋತ್ರ್ ದಾಮ್ ಚರ್ಚನ್ನು ಕಟ್ಟಲು ಒಬ್ಬ ಕಲಾವಿದೆ ವರ್ಷಗಟ್ಟಲೆ ಕೂತಿದ್ದರು. ಅಲ್ಲೂ ಒಂದು ಎಡವಟ್ಟಿದೆ. ಆಟದಲ್ಲಿ ಕಾಣುವ ಚೂಪು ಶಿಖರವನ್ನು ವಿಯೊಲೆ-ಲ-ಡ್ಯುಕ್ ಎಂಬ ವಾಸ್ತುಶಿಲ್ಪಿ ಏರಿಸಿದ್ದು ಕ್ರಾಂತಿ ಮುಗಿದು ಎಷ್ಟೋ ದಶಕಗಳ ಮೇಲೆ. ಜನ ಗುರುತು ಹಿಡಿಯಲಿ ಎಂದು ಇಟ್ಟರು, ಇರಲಿ ಬಿಡಿ. ಆದರೆ ಇಷ್ಟು ಜೋಪಾನವಾಗಿ ಕಟ್ಟಿದ ಬೀದಿಯಲ್ಲಿ ಓಡಾಡುವ ಜನ ಬರೀ ಮರೆ. ನೀವು ಯಾರೆಂದು ಅವರು ಕೇಳುವುದಿಲ್ಲ. ಹೊನ್ನಾಳಿ ಸಂತೆಗೆ ಹೊಸ ಮುಖವೊಂದು ಬಂದರೆ ಎಷ್ಟು ಹೊತ್ತು ಸುಮ್ಮನೆ ಬಿಡುತ್ತಾರೆ? ‘ಯಾವೂರಾತು? ಯಾರ ಪೈಕಿ?’ ಎಂಬ ಎರಡು ಪ್ರಶ್ನೆಗೆ ಉತ್ತರ ಇಲ್ಲದವನು ಯಾವ ಗುಂಪಿನಲ್ಲೂ ಕರಗಲಾರ.

2007ರಲ್ಲಿ ಬಂದ ಮೊದಲ ಆಟ ನಡೆಯುವುದು 1191ರ ಜೆರುಸಲೆಮ್, ಡಮಾಸ್ಕಸ್ಸಿನ ಕಡೆ. ನಾಯಕ ಅಲ್ತಾಯಿರ್ ಬಿಳಿ ನಿಲುವಂಗಿಯ ವಿದ್ವಾಂಸರ ಗುಂಪಿಗೆ ಸೇರಿ, ತಲೆ ತಗ್ಗಿಸಿ, ಕೈ ಜೋಡಿಸಿ ಕಾವಲುಗಾರರನ್ನು ದಾಟುತ್ತಾನೆ. ಅವನ ‘ಅಸ್ಯಾಸಿನ್’ ಪಂಥ ಬರೀ ಕಲ್ಪನೆಯಲ್ಲ. ನಿಜಾರಿ ಇಸ್ಮಾಯಿಲಿಗಳ ಮುಖಂಡ ಹಸನ್ ಸಬ್ಬಾಹ್ 1090ರಲ್ಲಿ ಇರಾನಿನ ಅಲಮುತ್ ಕೋಟೆ ಹಿಡಿದ. ಅವರದೇ ಒಂದು ಶಾಖೆ ಸಿರಿಯಾದಲ್ಲಿ ಬೇರು ಬಿಟ್ಟಿತು. ಜೆರುಸಲೆಮ್ಮಿನ ದೊರೆಯಾಗಿ ಆರಿಸಿ ಬಂದಿದ್ದ ಕಾನ್ರಾಡ್‌ನನ್ನು 1192ರ ಏಪ್ರಿಲ್ 28ರಂದು ಟೈರ್ ಪಟ್ಟಣದ ಬೀದಿಯಲ್ಲಿ ಇರಿದು ಕೊಂದವರು ಈ ಪಂಥದ ಇಬ್ಬರು. ಅವರು ತೊಟ್ಟದ್ದು ಕ್ರೈಸ್ತ ಸನ್ಯಾಸಿಗಳ ವೇಷ. ಆಟದಲ್ಲಿ ಅಲ್ತಾಯಿರ್ ವಿದ್ವಾಂಸನಂತೆ ಅರ್ಧ ನಿಮಿಷ ನಟಿಸಿದರೆ ಸಾಕು. ಇವರು ತಿಂಗಳುಗಟ್ಟಲೆ ಆ ಊರಿನಲ್ಲೇ ಬಾಳಿ, ಜನರ ನಂಬಿಕೆ ಗಳಿಸಿದ್ದರು ಎಂದು ಆ ಕಾಲದ ಬರಹಗಳು ಹೇಳುತ್ತವೆ.

ನಿಮ್ಮ ಎರಡನೆಯ ಪ್ರಶ್ನೆಗೆ ಬರೋಣ. ಈ ಸರಣಿ 2016ರಲ್ಲಿ ಭಾರತಕ್ಕೂ ಬಂತು, ಆದರೆ ಅದು 1841ರ ಸಿಖ್ ಸಾಮ್ರಾಜ್ಯದ ಕಥೆ. ತುಂಗಭದ್ರೆಯ ದಂಡೆಯಲ್ಲಿ ಅದಕ್ಕಿಂತ ಒಳ್ಳೆಯದೊಂದು ಕಥೆ ಕಾಯುತ್ತಿದೆ.

1689ರಲ್ಲಿ ಔರಂಗಜೇಬ ಮರಾಠ ದೊರೆ ಸಂಭಾಜಿಯನ್ನು ಹಿಡಿದು ಕೊಲ್ಲಿಸಿದ. ಮರಾಠರ ಪಟ್ಟ ಶಿವಾಜಿಯ ಕಿರಿಮಗ ರಾಜಾರಾಮನ ತಲೆಯ ಮೇಲೆ ಬಂತು. ಆಗ ಅವನಿಗೆ ಹತ್ತೊಂಬತ್ತು, ನಿಮಗಿಂತ ಒಂದೆರಡು ವರ್ಷ ದೊಡ್ಡವನು. ಅವನು ಕೊಲ್ಲಾಪುರದ ಪಕ್ಕದ ಪನ್ಹಾಳ ಕೋಟೆಯಿಂದ ತಪ್ಪಿಸಿಕೊಂಡು ದೂರದ ತಮಿಳು ನಾಡಿನ ಜಿಂಜಿ ಕೋಟೆ ಸೇರಬೇಕಿತ್ತು. ನಡುವೆ ಎಲ್ಲೆಲ್ಲೂ ಮೊಘಲರ ಠಾಣೆಗಳು. ಯಾತ್ರಿಕರ ವೇಷ ಹಾಕಿಕೊಂಡು ಕೆಲವೇ ಜನರೊಂದಿಗೆ ಹೊರಟ. ಯಾತ್ರಿಕನ ವೇಷ ಅಡಗಲು ಯಾಕೆ ಒಳ್ಳೆಯದೆಂದರೆ, ‘ಯಾವೂರಾತು, ಎಲ್ಲಿಗೆ ಹೊಂಟ್ರಿ’ ಎಂದು ಕೇಳಿದವರಿಗೆ ಅಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಅಪರಿಚಿತನಾಗಿರುವುದೇ ಅವನ ಗುರುತು. ಹಾಗಿದ್ದೂ ಗುಟ್ಟು ನಿಲ್ಲಲಿಲ್ಲ. ಬೆನ್ನಟ್ಟಿದ ಮೊಘಲ್ ಪಡೆ ತುಂಗಭದ್ರೆಯ ಒಂದು ನಡುಗಡ್ಡೆಯಲ್ಲಿ ಅವರನ್ನು ಮುತ್ತಿತು. ಜೊತೆಗಾರರು ಹಲವರು ಸಿಕ್ಕಿಬಿದ್ದರು, ರಾಜಾರಾಮ ಪಾರಾದ.

ಪಾರಾಗಿ ಹೋಗುವುದೆಲ್ಲಿಗೆ? ಆಟವಾಗಿದ್ದರೆ ಪಕ್ಕದಲ್ಲೇ ಒಂದು ಹುಲ್ಲಿನ ಗಾಡಿ ನಿಂತಿರುತ್ತಿತ್ತು. ಅವನಿಗೆ ಸಿಕ್ಕಿದ್ದು ಕೆಳದಿಯ ರಾಣಿ ಚೆನ್ನಮ್ಮ. ಗಂಡ ಸತ್ತ ಮೇಲೆ ಸುಮಾರು ಇಪ್ಪತ್ತೈದು ವರ್ಷ ಆಳಿದವಳು. ಬಂದವನು ಯಾರು, ಅವನಿಗೆ ಜಾಗ ಕೊಟ್ಟರೆ ಬಾಗಿಲಿಗೆ ಯಾರು ಬರುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಆಶ್ರಯ ಕೊಟ್ಟಳು, ಮುಂದಕ್ಕೆ ದಾಟಿಸಿದಳು. ಔರಂಗಜೇಬನ ಸೇನೆ ಬಂದೇ ಬಂತು. ಅವಳು ಎದುರಿಸಿ ನಿಂತಳು, ಕೊನೆಗೆ ಸಂಧಾನವಾಯಿತು. ಅಷ್ಟರಲ್ಲಿ ರಾಜಾರಾಮ ಜಿಂಜಿ ತಲುಪಿಯಾಗಿತ್ತು.

ಯಾರೂ ಬಾಗಿಲು ತೆರೆಯದೇ ಹೋದವನ ಕಥೆಯೂ ನಿಮ್ಮ ಕಡೆಯದೇ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್ ಟಿಪ್ಪುವಿನ ಸೆರೆಯಲ್ಲಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಿದ್ದು, ಶಿವಮೊಗ್ಗದ ಸುತ್ತಲಿನ ಕೋಟೆಗಳನ್ನು ಹಿಡಿದ. ಅಡಗುವುದು ಅವನ ಜಾಯಮಾನವಲ್ಲ, ತನ್ನನ್ನು ‘ಉಭಯ ಲೋಕಾಧೀಶ್ವರ’ ಎಂದು ಕರೆದುಕೊಂಡವನು. ಅವನ ಮರೆ ಎಂದರೆ ಕುದುರೆಯ ವೇಗ ಮತ್ತು ತುಂಬಿದ ಹೊಳೆಗಳು. ಬೆನ್ನಟ್ಟಿದ ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ 1800ರ ಮಳೆಗಾಲದಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದ. ಹೊಳೆಗಳನ್ನು ದಾಟಲು ಅವನು ನೆಚ್ಚಿದ್ದು ನಮ್ಮ ಹರಿಗೋಲುಗಳನ್ನೇ. ಮರಾಠರ ಪೇಶ್ವೆ ತನ್ನ ಸೀಮೆಯೊಳಗೆ ಇಂಗ್ಲಿಷ್ ಸೇನೆ ಬರಲು ಒಪ್ಪಿದ ಮೇಲೆ ಧೋಂಡಿಯಾನಿಗೆ ಓಡಲು ಜಾಗ ಉಳಿಯಿತು, ನಿಲ್ಲಲು ಉಳಿಯಲಿಲ್ಲ. ಸೆಪ್ಟೆಂಬರ್ 10ರಂದು ರಾಯಚೂರು ಕಡೆಯ ಕೋಣಗಲ್‌ನಲ್ಲಿ ಸತ್ತ. ಅವನ ಎಳೆಯ ಮಗ ಸಲಾಬತ್ ಖಾನ್‌ನ ಪೋಷಣೆಗೆ ವ್ಯವಸ್ಥೆ ಮಾಡಿದವನು ಅದೇ ವೆಲ್ಲೆಸ್ಲಿ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಇದ್ದರು, ಆದರೆ ಒಂಟಿಯಾಗಿ ಅಲ್ಲ. ಆಟದಲ್ಲಿ ಅಡಗುವುದು ನಿಮ್ಮ ಕೈಚಳಕ. ಇತಿಹಾಸದಲ್ಲಿ ಅದು ಇನ್ನೊಬ್ಬರ ಎದೆಗಾರಿಕೆಯ ಮೇಲೆ ನಿಂತಿರುತ್ತದೆ. ಆಟ ಬಿಡಬೇಕೆಂದು ನಾನು ಹೇಳುವುದಿಲ್ಲ. ಈ ಸರಣಿಯ ಈಜಿಪ್ಟಿನ ಕಥೆಗೆ 2018ರಲ್ಲಿ ಕತ್ತಿ ಕಾಳಗವಿಲ್ಲದ ಒಂದು ಭಾಗ ಸೇರಿದೆ, ವಸ್ತುಸಂಗ್ರಹಾಲಯದಲ್ಲಿ ಸುತ್ತಿದಂತೆ ಹಳೆಯ ಊರುಗಳನ್ನು ನೋಡಬಹುದು. ಸಾಧ್ಯವಾದರೆ ಅಣ್ಣನಿಗೆ ಕೇಳಿ ಅದನ್ನೂ ತೆರೆಯಿರಿ.

ಆಮೇಲೆ ಒಂದು ಭಾನುವಾರ ಬಸ್ಸು ಹತ್ತಿ ಚನ್ನಗಿರಿಯ ಗುಡ್ಡದ ಕೋಟೆಗೆ ಹೋಗಿಬನ್ನಿ. ಅಡಗಿದ ರಾಜಾರಾಮನ ಹೆಸರಿನ ಗುರುತು ಅಲ್ಲಿ ಸಿಗುವುದಿಲ್ಲ. ಊರಿಗೆ ಹೆಸರು ಬಂದದ್ದು ಅವನಿಗೆ ಬಾಗಿಲು ತೆರೆದ ಚೆನ್ನಮ್ಮನಿಂದ ಎನ್ನುತ್ತಾರೆ.