ಹಿಡಿದದ್ದು ಬಿಡಬೇಕಲ್ರಿ

ನನ್ನ ಬಲ ಮೊಣಕಾಲು ಹಾವೇರಿ ದಾಟುವ ತನಕ ಸುಮ್ಮನಿರುತ್ತಿತ್ತು. ಆಮೇಲೆ ಅದರ ತಕರಾರು ಶುರು. ಚಿಕ್ಕೋಡಿ ಕಡೆಯ ಕಾರ್ಖಾನೆಯಲ್ಲಿ 50 ಕಿಲೋದ 320 ಚೀಲ ಸಕ್ಕರೆ ಹೇರಿಕೊಂಡು, ಸಂಕೇಶ್ವರದಲ್ಲಿ ಹೆದ್ದಾರಿಗೆ ಬಿದ್ದರೆ ಬೆಂಗಳೂರು ಒಂದು ರಾತ್ರಿ, ಒಂದು ಮುಂಜಾನೆಯ ದಾರಿ. ನನ್ನದು ಹತ್ತು ಗಾಲಿಯ ಹಳೆಯ ಲಾರಿ. ಪೆಡಲಿನಿಂದ ಡೀಸೆಲ್ ಪಂಪಿಗೆ ನೇರ ರಾಡು. ನಡುವೆ ಕಂಪ್ಯೂಟರಿನ ಕಾರುಬಾರಿಲ್ಲ. ಹಿರಿಯೂರಿನಿಂದ ಶಿರಾದವರೆಗಿನ ನೆಟ್ಟನೆಯ ರಸ್ತೆಯಲ್ಲಿ ಪಾದವನ್ನು ಒಂದೇ ಕೋನದಲ್ಲಿ ಒತ್ತಿ ಹಿಡಿದು ಕೂತವರಿಗೇ ಗೊತ್ತು, ಸುಮ್ಮನೆ ಕೂಡುವುದೂ ಎಂಥ ದುಡಿಮೆ ಅಂತ.

ಹಿಂದಿನ ಡ್ರೈವರುಗಳು ಇದಕ್ಕೆ ಇಟ್ಟಂಗಿ ಇಡುತ್ತಿದ್ದರು. ನಾನು ಕ್ಲೀನರ್ ಆಗಿದ್ದಾಗ ನಮ್ಮ ಉಸ್ತಾದರು ಖಾಲಿ ರಸ್ತೆ ಸಿಕ್ಕೊಡನೆ ಆಕ್ಸಿಲೇಟರ್ ಮೇಲೆ ಅರ್ಧ ಇಟ್ಟಂಗಿ ಇಟ್ಟು ಕಾಲು ಮಡಚಿ ಕೂಡುವರು. ಎದುರಿಗೆ ಎಮ್ಮೆ ಕಂಡರೆ “ತಗಿಯೋ!” ಅಂತ ಒದರುವರು, ನಾನು ಬಗ್ಗಿ ಕೀಳಬೇಕು. ಒಮ್ಮೆ ನಿದ್ದೆಗಣ್ಣಲ್ಲಿ ಇಟ್ಟಂಗಿ ಕೀಳುವ ಬದಲು ಅವರ ಚಪ್ಪಲಿ ಕಿತ್ತಿದ್ದೆ. ಎಮ್ಮೆ ಉಳಿದದ್ದು ಅದರ ಪುಣ್ಯ.

ನನಗೆ ಇಟ್ಟಂಗಿ ಬೇಡವಾಗಿತ್ತು, ಇಟ್ಟ ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಬೇಕಾಗಿತ್ತು. ಮೊದಲು ಹೋದದ್ದು ಕಬ್ಬೂರಿನ ಒಬ್ಬ ಟ್ರ್ಯಾಕ್ಟರ್ ಮಿಸ್ತ್ರಿಯ ಹತ್ತಿರ. ಟ್ರ್ಯಾಕ್ಟರಿಗೆ ಕೈ ಆಕ್ಸಿಲೇಟರ್ ಇದ್ದೇ ಇರುತ್ತದೆ. ಕಡ್ಡಿ ಒಂದು ಕಡೆ ನಿಲ್ಲಿಸಿದರೆ ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕರೂ ಎಂಜಿನ್ ತಾನೇ ಡೀಸೆಲ್ ಹೆಚ್ಚಿಗೆ ತಗೊಂಡು ಅದೇ ಸುತ್ತಿನಲ್ಲಿ ಓಡುತ್ತದೆ. ಅಂಥ ಕೇಬಲ್ ಒಂದನ್ನು ನನ್ನ ಲಾರಿಯ ಪಂಪಿಗೆ ಎಳೆಸಿದೆ. ಸಪಾಟು ದಾರಿಯಲ್ಲಿ ಪರವಾಗಿಲ್ಲ ಅನ್ನಿಸಿತು. ಏರು ಬಂದ ಕೂಡಲೇ ಗಾಡಿ ಕುಂಟಿತು, ಇಳಿಜಾರಿನಲ್ಲಿ ಕುದುರೆಯಾಯಿತು. ಮಿಸ್ತ್ರಿ ತಲೆ ಕೆರೆದುಕೊಂಡು ಹೇಳಿದ್ದು ಇಷ್ಟು: ಟ್ರ್ಯಾಕ್ಟರಿನ ಪಂಪಿನಲ್ಲಿರುವ ಗವರ್ನರ್ ಎಲ್ಲ ವೇಗವನ್ನೂ ಕಾಯುತ್ತದೆ. ನನ್ನ ಲಾರಿಯದು ಎರಡೇ ತುದಿ ಕಾಯುವಂಥದ್ದು. ಎಂಜಿನ್ ಬಂದ್ ಬೀಳದಂತೆ ಕೆಳಗೆ, ಹದ್ದು ಮೀರದಂತೆ ಮೇಲೆ. ನಡುವಿನದನ್ನು ಡ್ರೈವರನ ಕಾಲಿಗೆ ಬಿಟ್ಟಿದೆ. 1788ರಲ್ಲಿ ಜೇಮ್ಸ್ ವ್ಯಾಟ್ ಉಗಿಯಂತ್ರಕ್ಕೆ ಎರಡು ಗುಂಡು ತಿರುಗಿಸಿ ಹಚ್ಚಿದ ಉಪಾಯದ ವಂಶದವೇ ಇವೆರಡೂ, ಆದರೆ ಸ್ವಭಾವ ಬೇರೆ. ಕೇಬಲ್ ಹಚ್ಚಿದ್ದು ಅಂದರೆ ಇಟ್ಟಂಗಿಗೆ ಹಿಡಿಕೆ ಹಚ್ಚಿದಂತೆ.

ಆಮೇಲೆ ಎರಡು ಟೈರಿನ ದುಡ್ಡು ಕೊಟ್ಟು ಒಂದು ಕಿಟ್ ತಂದೆ. ಪ್ರೊಪೆಲ್ಲರ್ ಶಾಫ್ಟಿಗೆ ಅಯಸ್ಕಾಂತದ ತುಂಡು, ಅದರ ಪಕ್ಕ ಸುತ್ತು ಎಣಿಸುವ ಕಾಯಿಲ್, ಪಂಪಿನ ಲಿವರ್ ಎಳೆಯುವ ಸಣ್ಣ ಮೋಟಾರು, ಲೆಕ್ಕ ಮಾಡುವ ಡಬ್ಬಿ. ನಿಪ್ಪಾಣಿಯ ಎಲೆಕ್ಟ್ರಿಷಿಯನ್ ಇವನ್ನೆಲ್ಲ ಅರ್ಧ ದಿನದಲ್ಲಿ ಜೋಡಿಸಿಬಿಟ್ಟ. ನಾನು ಗುಂಡಿ ಒತ್ತಿ ನೋಡುವ ಅವಸರದಲ್ಲಿದ್ದರೆ ಅವನು ಕೇಳಿದ: “ಹಿಡಿದದ್ದು ಬಿಡಬೇಕಲ್ರಿ, ಅದಕ್ಕ ಎಷ್ಟು ವೈರ್ ಎಳೀಲಿ?”

ಬ್ರೇಕಿಗೊಂದು ಸಾಕು ಅಂದೆ. ಅಲ್ಲೇ ತಪ್ಪಿದ್ದು.

ಮೊದಲ ಟ್ರಿಪ್ಪಿನಲ್ಲಿ ಹತ್ತರಗಿ ಟೋಲ್ ಕಂಡಾಗ ಗೇರ್ ಇಳಿಸೋಣವೆಂದು ಕ್ಲಚ್ ಒತ್ತಿದೆ. ವೇಗ ಕಡಿಮೆಯಾಯಿತೆಂದು ಡಬ್ಬಿ ಗಾಬರಿಯಾಗಿ ಇನ್ನಷ್ಟು ಡೀಸೆಲ್ ಎಳೆಯಿತು; ಗಾಲಿಯ ಹಂಗು ತಪ್ಪಿದ ಎಂಜಿನ್ ಒದರಿದ ಒದರಾಟಕ್ಕೆ ಟೋಲಿನಲ್ಲಿ ನಿಂತ ಜನವೆಲ್ಲ ನನ್ನ ಕಡೆ ತಿರುಗಿದರು. ಕ್ಲಚ್ಚಿಗೂ ಸ್ವಿಚ್ ಬಿತ್ತು.

ಬ್ರೇಕಿನದು ಇನ್ನೂ ಸೂಕ್ಷ್ಮ. ಡಬ್ಬಿಗೆ ಸುದ್ದಿ ಹೋಗುವುದು ಬ್ರೇಕ್ ಲೈಟಿನ ವೈರಿನಿಂದ. ಕಾರಿನಲ್ಲಿ ಆ ಸ್ವಿಚ್ ಪೆಡಲಿನ ಬುಡದಲ್ಲೇ ಇರುತ್ತದೆ, ಕಾಲು ತಾಗಿದರೆ ಸಾಕು. ನನ್ನದು ಗಾಳಿ ಬ್ರೇಕ್. ಪೈಪಿನಲ್ಲಿ ಗಾಳಿಯ ಒತ್ತಡ ಏರಿದ ಮೇಲಷ್ಟೇ ಸ್ವಿಚ್ ಕೂಡುತ್ತದೆ. ಮೆಲ್ಲಗೆ ಬ್ರೇಕ್ ಸವರಿದರೆ ಒಂದು ಕ್ಷಣ ಲಾರಿಯೊಳಗೇ ಹಗ್ಗಜಗ್ಗಾಟ: ಕಾಲು ಹಿಂದಕ್ಕೆ, ಮೋಟಾರು ಮುಂದಕ್ಕೆ. 16 ಟನ್ ಹೊತ್ತಾಗ ಆ ಒಂದು ಕ್ಷಣ ಬಹಳ ಉದ್ದ. ಪೆಡಲಿಗೇ ಬೇರೆ ಸ್ವಿಚ್ ಹಚ್ಚಿಸಿದೆವು.

ಅದಾದ ಮೇಲೆ ಕ್ರೂಸ್ ಹಿಡಿಯುವುದನ್ನೇ ಬಿಟ್ಟಿತು. ಮೂರು ದಿನ ವೈರು ಬಿಚ್ಚಿ ಹುಡುಕಿದರೂ ದೋಷ ಸಿಗಲಿಲ್ಲ. ಕೊನೆಗೆ ತಿಳಿದದ್ದು, ದೀಪಾವಳಿಗೆ ಚಂದ ಕಾಣಲೆಂದು ನಾನೇ ಹಿಂದಿನ ಬಲ್ಬು ತೆಗೆದು ಎಲ್‌ಇಡಿ ಹಾಕಿಸಿದ್ದೆ! ಡಬ್ಬಿ ಬಲ್ಬಿನೊಳಗಿನ ತಂತಿಯ ಮೂಲಕ ಅರ್ಥ್ ಸಂಪರ್ಕ ಹುಡುಕುತ್ತದೆ. ಬಲ್ಬು ಸುಟ್ಟಿದ್ದರೆ, ವೈರು ಹರಿದಿದ್ದರೆ ಆ ಸಂಪರ್ಕ ಸಿಗದು, ಆಗ ಹಿಡಿಯಲು ಒಪ್ಪುವುದಿಲ್ಲ. ಎಲ್‌ಇಡಿಯಲ್ಲಿ ಅಂಥ ತಂತಿಯೇ ಇಲ್ಲ. ಮೂರು ದಿನ ಬೈದ ಡಬ್ಬಿಯ ಮೇಲೆ ಮೊದಲ ಬಾರಿ ನಂಬಿಕೆ ಹುಟ್ಟಿತು. ಪಂಪಿನ ಲಿವರಿಗೆ ಎರಡನೇ ಸ್ಪ್ರಿಂಗು, ಡ್ಯಾಶ್‌ಬೋರ್ಡಿನಲ್ಲಿ ಕರೆಂಟು ಕಡಿಯುವ ಕೆಂಪು ಗುಂಡಿ ಸೇರಿಸಿಯೇ ಎಲೆಕ್ಟ್ರಿಷಿಯನ್ ಬಿಲ್ಲು ಬರೆದ. ಹಿಡಿಯಲು ಅರ್ಧ ದಿನ ಹಿಡಿದಿತ್ತು, ಬಿಡಲು ಹದಿನೈದು ದಿನ.

ಇಳಿಜಾರಿಗೆ ಮಾತ್ರ ಮದ್ದಿಲ್ಲ. ಕ್ರೂಸ್ ಡೀಸೆಲ್ ಕಡಿಮೆ ಮಾಡಬಲ್ಲದು, ಬ್ರೇಕ್ ಹಾಕದು. ಒಮ್ಮೆ ಬೆಂಗಳೂರಿನಿಂದ ಕೊಲ್ಲಾಪುರಕ್ಕೆ ಮಾಲು ಒಯ್ಯುವಾಗ ತವಂದಿ ಘಾಟಿನಲ್ಲಿ ನಿಪ್ಪಾಣಿ ಕಡೆ ಇಳಿಯುತ್ತಾ 55ಕ್ಕೆ ಇಟ್ಟ ಮುಳ್ಳು 70ರ ಹತ್ತಿರ ಬಂದದ್ದು ತಡವಾಗಿ ಕಂಡಿತು. ಕಾಲು ಪೆಡಲಿನ ಮೇಲಿದ್ದರೆ ಅದು ಹಗುರಾದಾಗಲೇ ಇಳಿಜಾರು ಗೊತ್ತಾಗುತ್ತಿತ್ತು. ಈಗ ಘಾಟಿಗೆ ಮುಂಚೆಯೇ ಬಂದ್ ಮಾಡಿ, ಗೇರ್ ಇಳಿಸಿ, ಎಕ್ಸಾಸ್ಟ್ ಬ್ರೇಕಿನಲ್ಲೇ ಇಳಿಯುತ್ತೇನೆ.

ಈ ಕ್ರೂಸ್ ಕಂಟ್ರೋಲ್ ಕಂಡುಹಿಡಿದ ಅಮೆರಿಕದ ರಾಲ್ಫ್ ಟೀಟರ್ ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವರು. ಅವರನ್ನು ಕೂರಿಸಿಕೊಂಡು ಕಾರು ಓಡಿಸುತ್ತಿದ್ದ ವಕೀಲರು ಮಾತಾಡುವಾಗ ನಿಧಾನ, ಕೇಳುವಾಗ ಜೋರು ಹೋಗುತ್ತಿದ್ದರಂತೆ. ಆ ಜೋಲಿಗೆ ಬೇಸತ್ತು ಮಾಡಿದ ಕೆಲಸಕ್ಕೆ 1950ರಲ್ಲಿ ಪೇಟೆಂಟ್, 1958ರಲ್ಲಿ ಕ್ರೈಸ್ಲರ್ ಕಂಪನಿಯ ಕಾರುಗಳಲ್ಲಿ ಜಾಗ. ಪಕ್ಕದಲ್ಲಿ ಕೂತವನಿಗೇ ಡ್ರೈವರನ ಕಾಲು ಚೆನ್ನಾಗಿ ಗೊತ್ತು ಅನ್ನುವುದನ್ನು ಯಾವ ಕ್ಲೀನರನಾದರೂ ಒಪ್ಪುತ್ತಾನೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿ ಗಾಡಿ ಮಾರ್ಪಡಿಸುವುದರ ಮೇಲೆ ನಿರ್ಬಂಧವಿದೆ. ಕೆಲಸಕ್ಕೆ ಕೈ ಹಾಕುವ ಮೊದಲು ಓದಬೇಕಾದದ್ದು ಅದು. ನಾನು ಓದಿದ್ದು ಕೆಎ-23ರ ಆರ್‌ಟಿಒ ಆಫೀಸಿಗೆ ಗಾಡಿಯ ಫಿಟ್ನೆಸ್ ತಪಾಸಣೆಗೆ ಹೋಗುವ ಹಿಂದಿನ ರಾತ್ರಿ. ಆ ರಾತ್ರಿ ನಿದ್ದೆ ಬರಲಿಲ್ಲ.

ಡೀಸೆಲ್ ಉಳಿಯಿತೇ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಡೈರಿಯಲ್ಲಿ ಕಾಣುವಷ್ಟು ಉಳಿದಿಲ್ಲ. ಮೊಣಕಾಲು ಈಗ ಹಾವೇರಿಯ ಬದಲು ಚಿತ್ರದುರ್ಗದ ತನಕ ಸುಮ್ಮನಿರುತ್ತದೆ.

ಕಬ್ಬಿನ ಸೀಜನ್ ಬಂತೆಂದರೆ ಚಿಕ್ಕೋಡಿಯಿಂದ ಸಂಕೇಶ್ವರದವರೆಗೆ ಕ್ರೂಸಿನ ಗುಂಡಿಯ ಮೇಲೆ ಕರಿ ಟೇಪು ಅಂಟಿಸುತ್ತೇನೆ. ಡೆಕ್ಕಿನಲ್ಲಿ ಹಾಡು ಹಚ್ಚಿಕೊಂಡು ಹಿಂದಿನ ಲೈಟೇ ಇಲ್ಲದೆ ಕಬ್ಬಿನ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರು ಯಾವ ತಿರುವಿನಲ್ಲಿ ನಿಂತಿರುತ್ತದೋ. ಹೆದ್ದಾರಿ ಸೇರಿದ ಮೇಲೆ ಟೇಪು ಕಿತ್ತು ಸ್ಟೇರಿಂಗಿನ ಮೇಲೆ ಅಂಟಿಸಿಡುತ್ತೇನೆ, ಮರಳಿ ಬರುವಾಗ ಬೇಕಲ್ಲ.