ಸ್ಟೀರಾಯ್ಡ್ ಮಾತ್ರೆಯನ್ನು ತಾವಾಗಿಯೇ ಮುಂದುವರಿಸುವುದೂ ಅಪಾಯ, ನಿಲ್ಲಿಸುವುದೂ ಅಪಾಯ



ಉಬ್ಬಸ, ಸಂಧಿವಾತ ಮೊದಲಾದ ಕಾಯಿಲೆಗಳಿಗೆ ವೈದ್ಯರು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ನೀಡುವುದುಂಟು. ನೋವು ಬೇಗ ಶಮನವಾಗುವುದರಿಂದ ಕೆಲವರು ಹಳೆಯ ಚೀಟಿಯಲ್ಲೇ ತಿಂಗಳುಗಟ್ಟಲೆ ಕೊಂಡು ಸೇವಿಸುತ್ತಾರೆ. ಇದರಿಂದ ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಮೂಳೆ ಸವೆತ, ಕಣ್ಣಿನ ಪೊರೆ ಉಂಟಾಗಬಹುದು. ಅಡಗಿದ್ದ ಕ್ಷಯವೂ ಉಲ್ಬಣಿಸಬಹುದು.

3 ವಾರಗಳಿಗಿಂತ ಹೆಚ್ಚು ಕಾಲ ಸೇವಿಸಿದವರಲ್ಲಿ, ದೇಹಕ್ಕೆ ಅಗತ್ಯವಾದ ಸಹಜ ಸ್ಟೀರಾಯ್ಡನ್ನು ಸ್ರವಿಸುವ ಅಡ್ರಿನಲ್ ಗ್ರಂಥಿಗಳು ಕುಗ್ಗಿರಬಹುದು. ಆಗ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾದೀತು. ಆದ್ದರಿಂದ ವೈದ್ಯರ ಸಲಹೆಯಂತೆ ಪ್ರಮಾಣವನ್ನು ಹಂತಹಂತವಾಗಿ ತಗ್ಗಿಸಬೇಕು.

ಸದಸ್ಯರು ಈ ವಿಷಯವನ್ನು ಗ್ರಾಮಸಭೆಯಲ್ಲಿ ತಿಳಿಸಿ, ಇಂತಹ ಮಾತ್ರೆ ಸೇವಿಸುವವರು ರಕ್ತದೊತ್ತಡ, ಸಕ್ಕರೆ, ಕಣ್ಣಿನ ತಪಾಸಣೆಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕಾಣುವಂತೆ ಆಶಾ ಕಾರ್ಯಕರ್ತೆಯರ ಮೂಲಕ ಪ್ರೇರೇಪಿಸತಕ್ಕದ್ದು.